ಲಾರಿಗೆ ಇನ್ನೂ ಬಣ್ಣ ಬಳಿದಿಲ್ಲ: ಬೆಂಗಳೂರಿನ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾನಿಲ್ಲಿ ದುರಸ್ತಿ ಮಾಡಿಸುತ್ತಿರುವ ಹಳೆಯ ಟಾಟಾ-ಬೆಂಜ್ ಲಾರಿಯ ಫೋಟೋ ನೋಡಿದವನೇ ‘ಬಣ್ಣ ಯಾವಾಗ?’ ಎಂದು ಕೇಳಿದ್ದೀಯ. ಸದ್ಯಕ್ಕಿಲ್ಲ. ಬ್ರೇಕ್ ಹಿಡಿಯುವವರೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ ಎಂದು ಮೇಸ್ತ್ರಿಯೂ ನಾನೂ ಮೊದಲೇ ತೀರ್ಮಾನಿಸಿದ್ದೇವೆ. ತೀರ್ಥಹಳ್ಳಿ ಸೀಮೆಯಲ್ಲಿ ಮನೆಯ ಗೇಟು ದಾಟಿದರೆ ಒಂದೋ ಏರು, ಇಲ್ಲವೇ ಇಳಿಜಾರು. ಇಲ್ಲಿ ಹೊರಡದ ಲಾರಿಯಿಂದ ಯಾರಿಗೂ ಅಪಾಯವಿಲ್ಲ, ನಿಲ್ಲದ ಲಾರಿಯಿಂದ ಊರಿಗೇ ಅಪಾಯ.

ನಿನ್ನ ಇನ್ನೊಂದು ಆಸೆ, ಎಲ್ಲವೂ ಒರಿಜಿನಲ್ ಇರಬೇಕೆಂಬುದು. ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮೂತಿಯ ಮೇಲಿನ ಬೆಂಜ್ ನಕ್ಷತ್ರ, ಸ್ಟೀರಿಂಗ್ ಚಕ್ರ, ಮೀಟರಿನ ಮುಖ, ಬಾಗಿಲಿನ ಹಿಡಿ ಹಳೆಯವೇ ಇರಲಿ. ಅವು ಸಿಗಲು ವರ್ಷ ಹಿಡಿದರೆ ಕಾಯೋಣ. ಆದರೆ ಬ್ರೇಕಿನ ರಬ್ಬರು, ಹೋಸು, ಕಿಂಗ್ ಪಿನ್ (ಮುಂದಿನ ಚಕ್ರ ಹೊರಳುವ ಕೀಲು) ಇತ್ಯಾದಿಗಳ ವಿಷಯದಲ್ಲಿ ಹಳೆಯದೆಂಬ ಭಕ್ತಿ ನನಗಿಲ್ಲ. ಐವತ್ತು ವರ್ಷ ಗೋದಾಮಿನಲ್ಲಿದ್ದ ‘ಹೊಸ’ ರಬ್ಬರ್ ಕಪ್ (ಬ್ರೇಕ್ ಎಣ್ಣೆ ಸೋರದಂತೆ ತಡೆಯುವ ಪುಟ್ಟ ಬಟ್ಟಲು), ಕಂಪನಿಯ ಪೊಟ್ಟಣದಲ್ಲೇ ಇದ್ದರೂ, ಐವತ್ತು ವರ್ಷದ ಮುದಿ ರಬ್ಬರೇ.

ಈ ಲಾರಿಗೆ ಬಿಡಿಭಾಗ ಸಿಗುವುದೇ ಇಲ್ಲ ಎಂದು ನಿನಗೆ ಹೇಳಿದವರು ಇದರ ವಂಶಾವಳಿ ಅರಿಯದವರು. ಟೆಲ್ಕೋ ಕಂಪನಿ (ಇಂದಿನ ಟಾಟಾ ಮೋಟಾರ್ಸ್) 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್ಶೆಡ್‌ಪುರದಲ್ಲಿ ಈ ಲಾರಿಗಳನ್ನು ಕಟ್ಟಲು ಶುರುಮಾಡಿತು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಜಾಗಕ್ಕೆ ಟಾಟಾದ ಗುರುತು ಬಂತು. ಮೂತಿಯ ಗುರುತು ಬದಲಾಯಿತೇ ಹೊರತು ವಂಶ ಮುರಿಯಲಿಲ್ಲ. ಆಮೇಲೆ ದಶಕಗಟ್ಟಲೆ ಓಡಿದ ಟಾಟಾ 1210 ಮಾದರಿಯ ಲಾರಿಗಳೂ ಇದರ ಸಂತಾನವೇ. ಅವುಗಳ ಎಷ್ಟೋ ಭಾಗಗಳನ್ನು ಇದಕ್ಕೆ ಹೊಂದಿಸಿಕೊಳ್ಳಬಹುದು. ನೆಂಟಸ್ತಿಕೆ ಗೊತ್ತಿರಬೇಕು, ಅಷ್ಟೇ.

ಆ ನೆಂಟಸ್ತಿಕೆ ಪತ್ತೆಹಚ್ಚಲು ನನಗೆ ಒದಗಿದ್ದು ವರ್ನಿಯರ್ ಕ್ಯಾಲಿಪರ್ ಎಂಬ ಅಳತೆಯ ಸಾಧನ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ‘ಹಳೆ ಬೆಂಜ್ ಲಾರಿಯ ಆಯಿಲ್ ಸೀಲ್ ಇದೆಯೇ?’ ಎಂದು ಕೇಳಿದರೆ ಅಂಗಡಿಯವರು ನಕ್ಕು ಚಹಾ ಕುಡಿಸಿ ಕಳಿಸುತ್ತಾರೆ. ಒಳ ವ್ಯಾಸ ಇಷ್ಟು, ಹೊರ ವ್ಯಾಸ ಇಷ್ಟು, ದಪ್ಪ ಇಷ್ಟು ಮಿಲಿಮೀಟರ್ ಎಂದರೆ ಅದೇ ಅಂಗಡಿಯ ಮೇಲಿನ ಕಪಾಟಿನಿಂದ ಸೀಲು ಇಳಿಯುತ್ತದೆ. ಬೇರಿಂಗ್ ಇನ್ನೂ ಸುಲಭ: ಅಂಚನ್ನು ಡೀಸೆಲ್ಲಿನಲ್ಲಿ ತೊಳೆದರೆ ಕೆತ್ತಿದ ಸಂಖ್ಯೆ ಕಾಣುತ್ತದೆ. ಅದು ಎಲ್ಲಾ ಕಂಪನಿಗಳೂ ಒಪ್ಪಿದ ಅಳತೆಯ ಸಂಖ್ಯೆ, ಲಾರಿಯ ಹೆಸರೇ ಬೇಡ. ಒಂದು ಎಚ್ಚರ ಮಾತ್ರ ಬೇಕು. ಇದು ಜರ್ಮನ್ ಮೂಲದ್ದು, ಬೋಲ್ಟುಗಳ ಮರೆ (ತಿರುಪಿನ ಸುತ್ತು) ಮಿಲಿಮೀಟರ್ ಲೆಕ್ಕದ್ದು. ಆ ಕಾಲದ ಲೇಲ್ಯಾಂಡ್, ಬೆಡ್‌ಫೋರ್ಡ್, ಫಾರ್ಗೋಗಳದ್ದು ಇಂಚಿನ ಲೆಕ್ಕ. ಹಿಂದೆ ಯಾರೋ ಪುಣ್ಯಾತ್ಮರು ಇಂಚಿನ ಬೋಲ್ಟನ್ನು ಮಿಲಿಮೀಟರ್ ತೂತಿಗೆ ತಿರುಚಿ ಕೂರಿಸಿದ್ದಾರೆ. ಅಂಥ ತೂತುಗಳನ್ನು ಕೊರೆದು ಹೊಸ ಮರೆ ಹಾಕಿಸುವುದೇ ಒಂದು ಪ್ರತ್ಯೇಕ ಕೆಲಸವಾಯಿತು.

ಎಂಜಿನ್ ವಿಷಯದಲ್ಲಿ ನೀನು ಹೆದರಿದ್ದೆ, ಅದೇ ಎಲ್ಲಕ್ಕಿಂತ ಸಲೀಸಾಯಿತು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಆ ತೂತುಗಳಿಂದ ಆರೂ ಸಿಲಿಂಡರಿಗೆ ಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಆಮೇಲೆ ಕೈಯಿಂದ ತಿರುಗಿಸಿದೆವು. ವರ್ಷಾನುಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಸ್ಟಾರ್ಟರ್ ಒತ್ತುವವನನ್ನು ಗ್ಯಾರೇಜಿನ ಹತ್ತಿರ ಬಿಟ್ಟುಕೊಳ್ಳಬಾರದು. ಡೀಸೆಲ್ ಟ್ಯಾಂಕಿನ ಒಳಗೆ ತುಕ್ಕು ಹಪ್ಪಳಗಟ್ಟಿತ್ತು. ಸಣ್ಣ ಸರಪಳಿ ಹಾಕಿ ಕುಲುಕಿ ತೊಳೆದೆವು. ಡೀಸೆಲ್ ಪಂಪು ನಿಮ್ಮೂರಿನ ಮೈಕೋ ಕಾರ್ಖಾನೆಯದ್ದೇ, ಬಾಷ್ ಮಾದರಿಯದು. ಅದನ್ನು ಶಿವಮೊಗ್ಗದಲ್ಲಿ ಬೆಂಚಿನ ಮೇಲೆ ಕೂರಿಸಿ, ಪ್ರತಿ ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗುವಂತೆ ಸರಿಪಡಿಸಿದರು. ಇನ್ನುಳಿದದ್ದು ಗ್ಲೋ ಪ್ಲಗ್, ಹೊರಡುವ ಮೊದಲು ಸಿಲಿಂಡರನ್ನು ಬಿಸಿ ಮಾಡುವ ಕಡ್ಡಿ. ಹಳೆಯ ಜೋಡಣೆಯಲ್ಲಿ ಅವೆಲ್ಲ ದೀಪಾವಳಿಯ ಸರದೀಪದಂತೆ ಒಂದರ ಹಿಂದೊಂದು. ಒಂದು ಸುಟ್ಟರೆ ಎಲ್ಲವೂ ಸತ್ತವು. ಪುಷ್ಯದ ಬೆಳಗಿನ ಚಳಿಯಲ್ಲಿ ಅವು ಬಿಸಿಯಾಗದೆ ಈ ಎಂಜಿನ್ ಬಾಯಿ ಬಿಡುವುದಿಲ್ಲ.

ಬಿರುಕು ಬಿಟ್ಟ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ) ಬಗ್ಗೆಯೂ ಕೇಳಿದ್ದೆಯಲ್ಲ? ಬೀಡು ಕಬ್ಬಿಣ ಅದು, ತಣ್ಣಗಿರುವಾಗ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬೀಳುವ ಭಯ. ಕೆಂಡದಲ್ಲಿ ಚೆನ್ನಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟರು. ಅದು ನಿಲ್ಲದಿದ್ದರೂ ಚಿಂತೆಯಿಲ್ಲ, ಶಿವಮೊಗ್ಗ ಫೌಂಡ್ರಿಗಳ ಊರು. ಮರದಲ್ಲಿ ಮಾದರಿ ಕೆತ್ತಿಸಿ ಕೊಟ್ಟರೆ ಹೊಸದನ್ನೇ ಎರಕ ಹೊಯ್ಯಿಸಬಹುದು. ಸುತ್ತ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಕೆಲಸ ಕಲಿತ ಹಳೆಯ ಕೈಗಳು ಇನ್ನೂ ಉಳಿದಿವೆ.

ಈಗ ಬ್ರೇಕಿಗೆ ಬರುತ್ತೇನೆ. ಇದರದ್ದು ಒಂದೇ ಕೊಳವೆಯ ಏರ್ಪಾಡು. ಎಲ್ಲೋ ಒಂದು ಹೋಸು ಒಡೆದರೆ ನಾಲ್ಕೂ ಕಡೆಯ ಬ್ರೇಕ್ ಹೋಯಿತು, ಕೈಬ್ರೇಕು ಮತ್ತು ದೇವರು ಉಳಿದರು. ಅದಕ್ಕೇ ಹೋಸು, ಕೊಳವೆ ಎಲ್ಲವೂ ಹೊಸದು. ಚಕ್ರದಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಗುಳಿ ಬಿದ್ದಿತ್ತು. ಲೇತಿನಲ್ಲಿ ಕೊರೆದು ಸ್ಟೀಲಿನ ಸ್ಲೀವ್ (ಒಳಕೊಳವೆ) ಕೂರಿಸಿದ್ದೇವೆ. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಉಸಿರಿಗೆ ಹೋದರೆ ಅಪಾಯ, ಅದರ ಧೂಳಿಗೆ ಗಾಳಿ ಹೊಡೆಯಬೇಡಿರೆಂದು ಹುಡುಗರಿಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ಬಕೆಟ್ ನೀರು ಸುರಿದು ನಾನೇ ತೊಳೆದೆ. ಬ್ರೇಕಿಗೆ ಬ್ರೇಕ್ ಆಯಿಲೇ ಆಗಬೇಕು. ಎಂಜಿನ್ ಆಯಿಲ್ ಬೆರೆತರೆ ರಬ್ಬರ್ ಕಪ್ ಊದಿ ಬ್ರೇಕ್ ಕಚ್ಚಿಕೊಳ್ಳುತ್ತದೆ.

ಅಷ್ಟೇ ಭಯ ನನಗೆ ಚಕ್ರದ ಲಾಕ್ ರಿಂಗಿನದು. ಬಿಡಿ ತುಂಡುಗಳ ರಿಮ್ಮಿನಲ್ಲಿ ಟೈರನ್ನು ಹಿಡಿದಿಡುವುದು ಆ ಉಕ್ಕಿನ ಬಳೆ. ಗಾಳಿ ತುಂಬುವಾಗ ಅದು ಸರಿಯಾಗಿ ಕೂರದೆ ಸಿಡಿದರೆ ಎದುರಿಗಿದ್ದವನ ತಲೆ ಉಳಿಯುವುದಿಲ್ಲ. ತುಕ್ಕು ತಿಂದ ಬಳೆಗಳನ್ನು ಗುಜರಿಗೆ ಹಾಕಿ, ಸಪಾಟಾಗಿರುವುದನ್ನು ಆರಿಸಿ ತಂದೆವು. ಈಗ ಗಾಳಿ ಹೊಡೆಯುವುದು ಸರಪಳಿ ಸುತ್ತಿ, ಪಕ್ಕಕ್ಕೆ ನಿಂತು. ಗುಜರಿಯಲ್ಲಿ ಬೆಲೆ ಕಿಲೋ ಲೆಕ್ಕದಲ್ಲಿ, ಆದರೆ ನಿನ್ನ ಕಣ್ಣು ಅರಳಿದ್ದು ಅವರಿಗೆ ಕಂಡಿತೋ, ತಕ್ಕಡಿ ಒಳಗೆ ಹೋಗಿ ಪುರಾತನ ವಸ್ತುವಿನ ಬೆಲೆ ಹೊರಗೆ ಬರುತ್ತದೆ. ಸುಮ್ಮನೆ ಕಬ್ಬಿಣ ನೋಡುತ್ತಿರುವಂತೆ ನಟಿಸಬೇಕು.

ಕ್ಯಾಬಿನ್ನಿನ ಮರದ ಚೌಕಟ್ಟಿನ ಕಥೆ ಚಿಕ್ಕದು: ಗೆದ್ದಲು ತಿಂದಿತ್ತು, ಬಡಗಿ ಹೊನ್ನೆಯಲ್ಲಿ ಹೊಸದು ಮಾಡಿದ.

ಕಾಗದಪತ್ರದ ಬಗ್ಗೆ, ಇದನ್ನು ವಿಂಟೇಜ್ ಎಂದು ನೋಂದಾಯಿಸಿಬಿಡಬಹುದೆಂಬ ನಿನ್ನ ಲೆಕ್ಕಾಚಾರ ನಡೆಯುವುದಿಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಬೈಕು-ಕಾರುಗಳಿಗೆ, ಅದೂ ಸ್ವಂತ ಬಳಕೆಯವುಗಳಿಗೆ. ಸರಕು ಸಾಗಣೆಯ ಲಾರಿ ಆ ಪಟ್ಟಿಯಲ್ಲಿಲ್ಲ. ದೇಶದ ಅಣೆಕಟ್ಟುಗಳಿಗೆ ಸಿಮೆಂಟ್ ಹೊತ್ತದ್ದು ಲಾರಿ, ಗೌರವ ಮಾತ್ರ ಕಾರಿಗೆ! ಆದ್ದರಿಂದ ನಮಗೆ ಪ್ರತಿ ವರ್ಷದ ಫಿಟ್‌ನೆಸ್ ಪರೀಕ್ಷೆಯೇ ಗತಿ. ತುಕ್ಕು ಉಜ್ಜುವಾಗ ಚಾಸಿ ನಂಬರಿನ ಹತ್ತಿರ ಗ್ರೈಂಡರ್ ಸುಳಿಯದಂತೆ ಟೇಪು ಅಂಟಿಸಿದ್ದೇನೆ. ತಪಾಸಣೆಯಲ್ಲಿ ಪೆನ್ಸಿಲ್ ಉಜ್ಜಿದಾಗ ಆ ಅಂಕಿಗಳು ಕಾಗದದ ಮೇಲೆ ಮೂಡದಿದ್ದರೆ ಇಷ್ಟು ಕೆಲಸವೂ ದಂಡ. ಆಗುಂಬೆ ಘಾಟಿ ಇಳಿಯುವ ಆಸೆಯನ್ನೂ ಬಿಡು, ಆ 14 ತಿರುವುಗಳಲ್ಲಿ ಭಾರಿ ವಾಹನ ಬಿಡುವುದಿಲ್ಲ. ಆಗುಂಬೆವರೆಗೆ ಹೋಗಿ ಸೂರ್ಯಾಸ್ತ ನೋಡಿ ತಿರುಗಿ ಬರೋಣ.

ಈಗ ನಿನಗೊಂದು ಕೆಲಸ. ಶನಿವಾರ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗು. ಜೊತೆಗೆ ಇಟ್ಟಿರುವ ಚೀಟಿಯಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕಿಟ್ಟಿನ ಕಪ್, ಹಿಂದಿನ ಚಕ್ರದ ಹಬ್‌ನ ಸೀಲು ಮತ್ತು ಕಿಂಗ್ ಪಿನ್ ಬುಷ್ ಅಳತೆಗಳಿವೆ. ಲಾರಿಯ ಹೆಸರು ಹೇಳಬೇಡ, ಅಳತೆ ಮಾತ್ರ ಹೇಳು. ರಬ್ಬರಿನ ಮೇಲೆ ತಯಾರಿಯ ವರ್ಷ ನೋಡದೆ ದುಡ್ಡು ಕೊಡಬೇಡ. ಗ್ಲೋ ಪ್ಲಗ್ ಸಿಕ್ಕರೆ ಆರೂ ಒಂದೇ ತಯಾರಿಯದಿರಲಿ, ಇನ್ನೆರಡು ಹೆಚ್ಚಿಗೆ ತೆಗೆದುಕೋ. ರಾತ್ರಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿ, ಎಷ್ಟು ಖರ್ಚಾಯಿತೆಂದು ತಿಳಿಸು. ಕಳೆದ ಸಲದಂತೆ ‘ಇರಲಿ ಬಿಡು’ ಎಂದರೆ ಒಪ್ಪುವುದಿಲ್ಲ.

ಇಂತಿ,
ನಿನ್ನ ಗೆಳೆಯ