ತುಂಗಭದ್ರೆ ತುಂಬಿದೆ, ಆದರೆ ಎಷ್ಟು?

ಮಾನ್ಯರೇ,

‘ಜಲಾಶಯ ಭರ್ತಿ’ ಸುದ್ದಿ ಓದಿದಾಗಲೆಲ್ಲ ಯಾವ ಲೆಕ್ಕದ ಭರ್ತಿ ಅನ್ನಿಸುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು. ಈಗ ಸುಮಾರು 105. ಉಳಿದದ್ದು ಹೂಳು!

ಹರಿಯುವ ನೀರಿನ ವೇಗ ತಗ್ಗಿದ ಕೂಡಲೇ ದಪ್ಪ ಮರಳು ಹಿನ್ನೀರಿನ ತುದಿಯಲ್ಲೇ ಕೂರುತ್ತದೆ. ನುಣ್ಣನೆ ಮಣ್ಣು ಡ್ಯಾಂವರೆಗೂ ಬರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನೋಡಿ, ಮೇಲೆ ಬಿರುಕು, ಕಾಲಿಟ್ಟರೆ ಕೆಳಗೆ ಹಸಿ ಕೆಸರು. 2017ರಲ್ಲಿ ರೈತರೇ ಸೇರಿ ಹೂಳೆತ್ತಿದ್ದರು. ಮೆಚ್ಚಬೇಕಾದ್ದೇ. ಆದರೆ 28 ಟಿಎಂಸಿ ಅಂದರೆ 79 ಕೋಟಿ ಘನ ಮೀಟರ್. ಟ್ರ್ಯಾಕ್ಟರಿಗೆ ಮುಗಿಯುವ ಕೆಲಸ ಅಲ್ವಲ್ಲ! ಸರ್ಕಾರ ಮೇಲ್ಭಾಗದ ಹೊಲಗಳಿಗೆ ಬದು ಹಾಕಿಸಿ, ಮಣ್ಣು ಕೊಚ್ಚಿಹೋಗುವುದನ್ನು ಮೊದಲು ತಡೆಯಲಿ.

– ಒಬ್ಬ ರೈತ, ಕಂಪ್ಲಿ