ಗೇಜ್ ಹಿಡಿದು ಬಂದ ಅಣ್ಣನಿಗೆ

ಚಳ್ಳಕೆರೆ ಕಡೆಯ ನಮ್ಮ ದಾಳಿಂಬೆ ತೋಟಕ್ಕೆ ಕರೆಂಟ್ ಲೈನ್ ಇಲ್ಲ, ಬೋರ್‌ವೆಲ್ ಓಡುವುದು ಸೋಲಾರ್‌ನಲ್ಲೇ. ಕೊನೆಯ ಸಾಲುಗಳಲ್ಲಿ ಡ್ರಿಪ್ ತೊಟ್ಟಿಕ್ಕುವುದೂ ನಿಂತಾಗ, ನೋಡಿದವರೆಲ್ಲ ಬೋರ್ ಬತ್ತಿದೆ, ಇನ್ನೊಂದು ಕೊರೆಸಿ ಎಂದರು. ಹೂ ಬಿಟ್ಟ ಗಿಡಗಳ ಮುಂದೆ ನಿಂತು ಅಪ್ಪ ಸಾಲದ ಲೆಕ್ಕ ಹಾಕತೊಡಗಿದ್ದರು.

ಪಕ್ಕದ ತೋಟಕ್ಕೆ ಪೈಪ್ ಜೋಡಿಸಲು ಬಂದಿದ್ದ ಅಣ್ಣಾ, ನೀವು ಕರೆಯದೆಯೇ ಬಂದಿರಿ. ಮೊದಲು ಪಂಪಿನ ವೇಗ ತೋರಿಸುವ ಕಂಟ್ರೋಲರ್ ನೋಡಿದಿರಿ: ನಡು ಮಧ್ಯಾಹ್ನವೂ 40 ಹರ್ಟ್ಸ್. ಪಂಪಿನ ವೇಗ 50ರಿಂದ 40ಕ್ಕಿಳಿದರೆ ಅದು ನೀರನ್ನು ಎತ್ತಬಲ್ಲ ಎತ್ತರ 64 ಪರ್ಸೆಂಟಿಗೆ ಕುಸಿಯುತ್ತದೆ ಎಂದು ಅಪ್ಪನಿಗೆ ನಿಧಾನವಾಗಿ ಬಿಡಿಸಿ ಹೇಳಿದಿರಿ. ಪ್ಯಾನೆಲ್ ಮೇಲೆ ಬೆರಳೆಳೆದಾಗ ಧೂಳಿನಲ್ಲಿ ಗೆರೆ ಮೂಡಿತು. ಆಮೇಲೆ ಫಿಲ್ಟರ್‌ನ ಎರಡೂ ಕಡೆ ನೀರಿನ ಒತ್ತಡ ಅಳೆಯುವ ನಿಮ್ಮದೇ ಗೇಜ್ ಕೂರಿಸಿದಿರಿ. ಒಳಗೆ ಬರುವಲ್ಲಿ 1.6 ಬಾರ್, ಹೊರಗೆ ಹೋಗುವಲ್ಲಿ 0.5. ಬಿಚ್ಚಿದರೆ ಜಾಲರಿಯ ತುಂಬ ಸಣ್ಣ ಮರಳು, ಅದರ ಮೇಲೆ ಗಟ್ಟಿಯಾಗಿ ಕೂತ ಬಿಳಿ ಸುಣ್ಣ.

“ಬೋರ್‌ನಲ್ಲಿ ನೀರಿದೆ ಯಜಮಾನ್ರೇ, ದಾರಿ ಕಟ್ಟಿದೆ ಅಷ್ಟೇ” ಅಂದಿರಿ. ಆ ಮಾತು ಕೇಳಿ ಅಪ್ಪ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು.

ಜಾಲರಿಯನ್ನು ನೀವೇ ಉಜ್ಜಿದಿರಿ. ಕಾದ ಗಾಜಿಗೆ ತಣ್ಣೀರು ಹಾಕಬೇಡಿ, ಪ್ಯಾನೆಲ್ ಬೆಳಗಿನ ಜಾವ ತೊಳೆಯಿರಿ ಎಂದಿರಿ. ಹಾಗೇ ಮಾಡಿದೆವು, ಈಗ ಕೊನೆಯ ಗಿಡದ ಬುಡವೂ ನೆನೆಯುತ್ತಿದೆ. ಹೊಸ ಬೋರ್ ಸಾಲ ತಪ್ಪಿತು.

ದುಡ್ಡು ಮುಟ್ಟಲಿಲ್ಲ, ಮಜ್ಜಿಗೆ ಕುಡಿದು ಹೊರಟಿರಿ. ಹೆಸರು ಕೇಳುವಷ್ಟರಲ್ಲಿ ನಿಮ್ಮ ಟೆಂಪೋ ಹೋಗಿತ್ತು. ಇವರನ್ನು ಬಲ್ಲವರು ದಯವಿಟ್ಟು ತಿಳಿಸಿ, ಮನೆಯವರನ್ನೂ ಕರೆದುಕೊಂಡು ಒಂದು ದಿನ ಊಟಕ್ಕೆ ಬರಬೇಕಂತೆ, ಅಪ್ಪ ಕಾಯುತ್ತಿದ್ದಾರೆ.