ಉಲ್ಲೇಖಗಳ ಲೆಕ್ಕ ಸಿಕ್ಕಿತು, ಸಂಶೋಧನೆ ಏನೆಂದು ತಿಳಿಯಲಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯವರೇ ಆದ ಜೀವಕೋಶ ವಿಜ್ಞಾನಿಯೊಬ್ಬರ ಕುರಿತು ತಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಸಂತೋಷದಿಂದ ಓದಿದೆ. ಪ್ರಕಟವಾದ ಪ್ರಬಂಧಗಳೆಷ್ಟು, ಬೇರೆ ಪ್ರಬಂಧಗಳಲ್ಲಿ ಅವುಗಳಿಗೆ ದೊರೆತ ಉಲ್ಲೇಖಗಳೆಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಅವರು ಜೀವಕೋಶದೊಳಗೆ ಕಂಡದ್ದೇನು ಎಂಬ ಒಂದು ವಾಕ್ಯ ಮಾತ್ರ ಎಲ್ಲಿಯೂ ಇರಲಿಲ್ಲ.

ಎಚ್-ಇಂಡೆಕ್ಸ್ 20 ಎಂದರೆ ಆ ವಿಜ್ಞಾನಿಯ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿಯಾದರೂ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಗೊಂಡಿವೆ ಎಂದಷ್ಟೇ ಅರ್ಥ. 2005ರಲ್ಲಿ ಇದನ್ನು ಸೂಚಿಸಿದ ಹೋರ್ಹೆ ಹಿರ್ಷ್ ಭೌತವಿಜ್ಞಾನಿ. ಉಲ್ಲೇಖಗಳನ್ನು ಎಣಿಸಿಡುವ ದತ್ತಾಂಶಕೋಶಗಳು ಒಂದಕ್ಕಿಂತ ಹೆಚ್ಚಿವೆ: ಒಬ್ಬರದೇ ಲೆಕ್ಕ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು ಇರುತ್ತದೆ. ಸಾಮಾನ್ಯವಾಗಿ ಮೊದಲನೆಯದೇ ದೊಡ್ಡದು, ವರದಿಗಳಲ್ಲಿ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅದೇ. ಇನ್ನು 'ವಿಶ್ವದ ಅಗ್ರ ಶೇ 2 ವಿಜ್ಞಾನಿಗಳು' ಎಂಬ ಪಟ್ಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ನೀಡುವ ಪ್ರಶಸ್ತಿಯಲ್ಲ, ಅಲ್ಲಿನ ಜಾನ್ ಅಯಾನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಸಿದ್ಧಪಡಿಸುವ ಕೋಷ್ಟಕ. ಅದರಲ್ಲಿ ಇಡೀ ವೃತ್ತಿಜೀವನದ ಲೆಕ್ಕ ಬೇರೆ, ಒಂದು ವರ್ಷದ ಲೆಕ್ಕ ಬೇರೆ. ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದ ಲೆಕ್ಕವೂ ಅಲ್ಲಿಯೇ ಇದೆ. ಯಾವುದನ್ನು ಓದುಗರಿಗೆ ಹೇಳುತ್ತಿದ್ದೇವೆ ಎಂಬುದನ್ನು ಸುದ್ದಿ ಬರೆಯುವವರು ಗಮನಿಸುವುದು ಅಪರೂಪ. (ನನ್ನ ಏಕೈಕ ಪ್ರಬಂಧಕ್ಕೆ ಸಿಕ್ಕಿರುವ ಉಲ್ಲೇಖಗಳು ನಾಲ್ಕು, ಅದರಲ್ಲಿ ಒಂದು ನನ್ನದೇ, ಆದ್ದರಿಂದ ಇದನ್ನು ಹೊಟ್ಟೆಕಿಚ್ಚು ಎಂದವರ ಮೇಲೆ ನಾನು ಸಿಟ್ಟಾಗಲಾರೆ.)

ಜಪಾನಿನ ಯೋಶಿನೋರಿ ಓಸುಮಿ ಅವರ ಉದಾಹರಣೆಯನ್ನೇ ನೋಡಿ. 1988ರಲ್ಲಿ, ನಲವತ್ತು ದಾಟಿದ ಮೇಲೆ, ಅವರು ಸ್ವಂತ ಪ್ರಯೋಗಾಲಯ ಆರಂಭಿಸಿ, ಹೆಚ್ಚಿನವರು ಜೀವಕೋಶದ ಕಸದ ಬುಟ್ಟಿಯೆಂದು ಕಡೆಗಣಿಸಿದ್ದ ಯೀಸ್ಟ್‌ನ ರಸದಾನಿಯನ್ನು (ವ್ಯಾಕ್ಯುಯೋಲ್, ಅಂದರೆ ಕೋಶದೊಳಗಿನ ದ್ರವ ತುಂಬಿದ ಚೀಲ) ಅಧ್ಯಯನಕ್ಕೆ ಆರಿಸಿಕೊಂಡರು. ಪ್ರೋಟೀನ್ ಒಡೆಯುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಉಪವಾಸ ಕೆಡವಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಲವೇ ಗಂಟೆಗಳಲ್ಲಿ ರಸದಾನಿಯೊಳಗೆ ಸಣ್ಣ ಸಣ್ಣ ಗುಳಿಗೆಗಳು ತುಂಬಿಕೊಂಡು ಕುಣಿಯುತ್ತಿದ್ದವು: ಹಸಿದ ಕೋಶ ತನ್ನದೇ ಭಾಗಗಳನ್ನು ಕಟ್ಟಿ ತಂದು ಅಲ್ಲಿ ಸುರಿದಿತ್ತು, ಅರಗಿಸುವ ಕಿಣ್ವ ಇಲ್ಲದ್ದರಿಂದ ಅವು ಹಾಗೆಯೇ ಉಳಿದಿದ್ದವು. ಈ ಕೆಲಸಕ್ಕೆ ಬೇಕಾದ ವಂಶವಾಹಿಗಳನ್ನು ಗುರುತಿಸಿದ 1993ರ ಪ್ರಬಂಧ ಬಂದದ್ದು ಹೆಸರಾಂತ ನೇಚರ್, ಸೆಲ್‌ಗಳಂಥ ನಿಯತಕಾಲಿಕಗಳಲ್ಲಲ್ಲ, ಫೆಬ್ಸ್ ಲೆಟರ್ಸ್‌ನಲ್ಲಿ. ನೊಬೆಲ್ ಬಂದದ್ದು 2016ರಲ್ಲಿ. 1994ರಲ್ಲಿ ಯಾರಾದರೂ ಅವರ ಉಲ್ಲೇಖಗಳನ್ನು ಎಣಿಸಿ ಸುದ್ದಿ ಮಾಡಲು ಹೊರಟಿದ್ದರೆ ಬರೆಯಲು ಏನಿರುತ್ತಿತ್ತು?

ಇದಕ್ಕೆ ವಿರುದ್ಧವಾದದ್ದೂ ಉಂಟು. ಅತಿ ಹೆಚ್ಚು ಬಾರಿ, 3 ಲಕ್ಷಕ್ಕೂ ಮೀರಿ, ಉಲ್ಲೇಖಗೊಂಡಿರುವುದು ಪ್ರೋಟೀನ್ ಅಳೆಯುವ ವಿಧಾನವನ್ನು ವಿವರಿಸುವ, 1951ರ ಲೌರಿ ಮತ್ತು ಸಂಗಡಿಗರ ಪ್ರಬಂಧ. ಅದು ಬಹಳ ಉಪಯುಕ್ತ, ಆದರೆ ಡಿಎನ್‌ಎ ರಚನೆ ತಿಳಿಸಿದ 1953ರ ಪ್ರಬಂಧಕ್ಕಿಂತ ಅದು ಮೇಲೆಂದು ಯಾರೂ ಹೇಳುವುದಿಲ್ಲ. ಅಂಕಿಗಳ ಈ ಮಿತಿಯನ್ನು ಜೀವಕೋಶ ವಿಜ್ಞಾನಿಗಳೇ ಎತ್ತಿ ಹೇಳಿದ್ದಾರೆ: ಅಮೆರಿಕದ ಜೀವಕೋಶ ವಿಜ್ಞಾನ ಸಂಘದ 2012ರ ವಾರ್ಷಿಕ ಸಭೆಯಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ದೊರೆಯುವ ಉಲ್ಲೇಖಗಳ ಸರಾಸರಿ) ಹಿಡಿದು ವಿಜ್ಞಾನಿಯನ್ನು ಅಳೆಯಬೇಡಿ ಎನ್ನುತ್ತದೆ.

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಚಿತ್ರದುರ್ಗದ ಕಡೆಯ ಈರುಳ್ಳಿಯನ್ನು ನೀರು ತುಂಬಿದ ಶೀಶೆಯ ಬಾಯಿಗೆ ಕೂರಿಸಿ, ಬೇರು ಬಿಟ್ಟ ಮೇಲೆ ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಮಕ್ಕಳಿಗೆ ತೋರಿಸುತ್ತಿದ್ದೆವು. ಎರಡು ಕಡೆಗೆ ಸರಿಯುತ್ತಿರುವ ವರ್ಣತಂತುಗಳನ್ನು ಮೊದಲ ಸಲ ಕಂಡ ಹುಡುಗಿಯೊಬ್ಬಳು ಮುಂದಿನ ತಾಸಿಗೂ ಹೋಗದೆ ಅಲ್ಲೇ ನಿಂತಿದ್ದಳು. ತಮ್ಮ ವರದಿಯನ್ನು ಓದುವವರಲ್ಲಿ ಅಂಥ ಮಕ್ಕಳೂ ಇರುತ್ತಾರೆ.

ಆದ್ದರಿಂದ ಮುಂದಿನ ಸಲ ತಮ್ಮ ವರದಿಗಾರರು ಆ ವಿಜ್ಞಾನಿಗೆ ಫೋನ್ ಮಾಡಿ, ಅವರು ಕಂಡದ್ದೇನೆಂದು ಕೇಳಿ, ಅದನ್ನು ಮೊದಲ ಪ್ಯಾರಾದಲ್ಲಿ ಬರೆಯಲಿ. ಉಲ್ಲೇಖಗಳ ಸಂಖ್ಯೆ ಕೊಡಲೇಬೇಕೆಂದಿದ್ದರೆ, ಅದು ಯಾವ ದತ್ತಾಂಶದ, ಯಾವ ದಿನಾಂಕದ ಲೆಕ್ಕ ಎಂಬುದನ್ನೂ ಜೊತೆಗೆ ನಮೂದಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ದಾವಣಗೆರೆ